ಗಾಳಿಯಲ್ಲಿ ಖಾಲಿ ಜಾಗ

ನಮ್ಮ ಕಸುಬಿನಲ್ಲಿ ದಿನಕ್ಕೆ ಹತ್ತು ಸಲವಾದರೂ ಬರುವ ಶಬ್ದ ಹೆಡ್‌ರೂಮ್. ಬಾಗಿಲಿನ ಮೇಲ್ಪಟ್ಟಿಗೂ ನಮ್ಮ ತಲೆಗೂ ನಡುವೆ ಉಳಿಯುವ ಜಾಗ ಎಂಬುದು ಅದರ ಮೂಲ ಅರ್ಥ. ನಾವು ಅದನ್ನು ಗಾಳಿಗೆ ಬಳಸುತ್ತೇವೆ. ಒಂದು ಊರಿಗೆ ದೊಡ್ಡ ಕಾರ್ಖಾನೆ ಬರಬೇಕಾದರೆ ಮೊದಲು ಅಲ್ಲಿನ ಗಾಳಿಯನ್ನು, ಮಳೆಗಾಲ ಬಿಟ್ಟು ಬೇರೊಂದು ಋತುವಿನಲ್ಲಿ, ಮೂರು ತಿಂಗಳು ಅಳೆಯಬೇಕು. ದೂಳು ಘನ ಮೀಟರಿಗೆ 70 ಮೈಕ್ರೋಗ್ರಾಂ ಇದೆ ಎನ್ನಿ. ದಿನದ ಸರಾಸರಿಗೆ ಕಾನೂನು ಹಾಕಿದ ಮಿತಿ 100. ಹೊಸ ಚಿಮಣಿಯಿಂದ ಹೊರಟದ್ದು ಗಾಳಿಯಲ್ಲಿ ಹರಡಿ ನೆಲಮಟ್ಟಕ್ಕೆ ಇಳಿದಾಗ ಎಷ್ಟಾದೀತು ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುತ್ತೇವೆ. 8 ಎಂದು ಬಂತು. 70ಕ್ಕೆ 8 ಕೂಡಿಸಿದರೆ 78. ಮಿತಿಯೊಳಗಿದೆ. ಇನ್ನೂ 22 ಉಳಿದಿದೆ, ಮುಂದೆ ಬರುವವರಿಗೆ. 2006ರ ಪರಿಸರ ಪರಿಣಾಮ ಅಧಿಸೂಚನೆಯ ನಂತರ ದೇಶದಲ್ಲಿ ತಯಾರಾದ ಇಂಥ ವರದಿಗಳಿಗೆಲ್ಲ ಈ ಕೂಡುವ ಲೆಕ್ಕವೇ ಆಧಾರ.

ಹನ್ನೊಂದು ವರ್ಷದಿಂದ ಮುಂಬಯಿಯಲ್ಲಿ ಕೂತು ಈ ಲೆಕ್ಕ ಮಾಡುತ್ತಿದ್ದೇನೆ. ಲೆಕ್ಕದಲ್ಲಿ ತಪ್ಪಿಲ್ಲ. ನನ್ನನ್ನು ಕಾಡುವುದು ಆ ಶಬ್ದ. ಖಾಲಿ ಜಾಗ ಎಂದ ಕೂಡಲೇ ಅದನ್ನು ತುಂಬಬಹುದು ಎಂಬ ಭಾವನೆ ತಾನಾಗಿ ಬರುತ್ತದೆ. ಆ ಊರವರ ಎದೆಯೊಳಗೆ ಇದುವರೆಗೂ ಹೋಗದೆ ಉಳಿದ 30 ಮೈಕ್ರೋಗ್ರಾಂ ದೂಳು, ಯಾರೂ ಕೂರದ ಸೀಟಿನ ಹಾಗೆ ಕಾಣತೊಡಗುತ್ತದೆ. ಲೋಕಲ್ ಟ್ರೈನಿನ ಕಿಟಕಿಯಿಂದ ಕರವಸ್ತ್ರ ಎಸೆದು ಸೀಟು ಹಿಡಿಯುವವರನ್ನು ನೀವು ನೋಡಿರುತ್ತೀರಿ. ಹಾಗೆ, ಮೊದಲು ಎಸೆದವನದು. ಆದರೆ ಆ ಜಾಗ ನಿಜಕ್ಕೂ ಯಾರದು? ಸರಕಾರದ್ದೇ, ಮೊದಲು ಅರ್ಜಿ ಹಾಕಿದ ಕಂಪನಿಯದೇ, ಅಲ್ಲಿ ಉಸಿರಾಡುತ್ತಿರುವವರದೇ? ಈ ಪ್ರಶ್ನೆಗೆ ನಮ್ಮ ವರದಿಯಲ್ಲಿ ಒಂದು ಅಧ್ಯಾಯವೂ ಇಲ್ಲ.

ಕೆಲವು ವರ್ಷಗಳ ಹಿಂದೆ ಕೊಪ್ಪಳ–ಬಳ್ಳಾರಿ ಸೀಮೆಯ ಒಂದು ಊರಿನಲ್ಲಿ ನಡೆದ ಪರಿಸರ ಸಾರ್ವಜನಿಕ ಆಲಿಕೆ ಸಭೆಗೆ ಹೋಗಿದ್ದೆ. ವರದಿ ನಮ್ಮದಲ್ಲ, ಬೇರೆ ಸಂಸ್ಥೆಯದು. ಹೇಗೆ ನಡೆಯುತ್ತದೆ ನೋಡೋಣ ಎಂದು ಹೋದದ್ದು. ವರದಿಯ ಸಾರಾಂಶವನ್ನು ಸ್ಥಳೀಯ ಭಾಷೆಯಲ್ಲೂ ಕೊಡಬೇಕು ಎಂಬ ನಿಯಮವಿರುವುದರಿಂದ ಕನ್ನಡದ ಪ್ರತಿಗಳನ್ನು ಹಂಚಿದ್ದರು. ಶಾಮಿಯಾನದ ಕೆಳಗೆ ಅಧಿಕಾರಿಯೊಬ್ಬರು ಅದರ ಒಂದು ವಾಕ್ಯ ಓದಿದರು: ವಾಯು ಗುಣಮಟ್ಟದ ಮೇಲಿನ ಪರಿಣಾಮವು ನಗಣ್ಯವಾಗಿರುತ್ತದೆ. ಮುಂದಿನ ಸಾಲಿನಲ್ಲಿದ್ದ ಹಿರಿಯ ಹೆಂಗಸೊಬ್ಬರು ಕೂತಲ್ಲಿಂದಲೇ ಕೇಳಿದರು, “ನಗಣ್ಯ ಅಂದ್ರ ಏನ್ರೀ ಸಾಹೇಬ್ರ?”

“ಲೆಕ್ಕಕ್ಕ ಬರೂದಿಲ್ಲ ಅಂತ ಅರ್ಥ ಅಮ್ಮಾ.”

“ಯಾರ ಲೆಕ್ಕಕ್ಕ?”

ಸಭೆ ನಕ್ಕಿತು. ಅಧಿಕಾರಿ ಮುಂದಿನವರ ಹೆಸರು ಕರೆದರು.

ಆ ಮುಂದಿನವನ ಮಾತನ್ನೂ ಹೇಳಬೇಕು, ಇಲ್ಲದಿದ್ದರೆ ಕಥೆ ತೀರ ಸುಲಭವಾಗಿಬಿಡುತ್ತದೆ. ಐಟಿಐ ಮುಗಿಸಿದ ಹುಡುಗ. ಅವನು ಹೇಳಿದ್ದು ಇಷ್ಟು: ನಮಗ ಕೆಲಸ ಬೇಕು, ಬೆಂಗಳೂರಿಗೆ, ಗೋವಾಕ್ಕೆ ಗುಳೇ ಹೋಗಿ ಹೋಗಿ ಸಾಕಾಗೈತಿ, ಊರಾಗ ಇದ್ಕೊಂಡು ದುಡೀತೀವಿ ಅಂದ್ರ ನೀವ್ಯಾಕ ಅಡ್ಡ ಬರ್ತೀರಿ? ಅವನಿಗೂ ಚಪ್ಪಾಳೆ ಬಿತ್ತು, ಆ ಹೆಂಗಸಿಗೆ ನಕ್ಕವರಿಂದಲೇ. ದೂಳು ಬೀಳುವುದು ಇಬ್ಬರ ಮನೆಯ ಮೇಲೂ. ಸಂಬಳ ಬರುವುದು, ಬಂದರೆ, ಒಂದು ಮನೆಗೆ.

ಉದ್ಯಮದ ಬೆಳವಣಿಗೆಗೂ ಗಾಳಿಯ ಶುದ್ಧತೆಗೂ ಸಮತೋಲನ ಬೇಕು ಎಂಬ ಮಾತನ್ನು ಮಂತ್ರಿಗಳಿಂದ ಹಿಡಿದು ನ್ಯಾಯಾಧೀಶರವರೆಗೆ ಎಲ್ಲರೂ ಹೇಳುತ್ತಾರೆ. ಯಾರೂ ವಿರೋಧಿಸಲಾಗದ ಮಾತು. ಆದರೆ ಸಮತೋಲನ ಎಂಬುದು ತಕ್ಕಡಿಯಿಂದ ಬಂದ ಕಲ್ಪನೆ. ಒಬ್ಬನೇ ಮನುಷ್ಯ ತನ್ನ ಹಣ, ತನ್ನ ಆರೋಗ್ಯ ಎರಡನ್ನೂ ತೂಗಿ ನೋಡುವಾಗ ಅದು ಸರಿಹೊಂದುತ್ತದೆ. ಒಂದು ತಟ್ಟೆಯಲ್ಲಿ ಒಬ್ಬನ ಲಾಭ, ಇನ್ನೊಂದು ತಟ್ಟೆಯಲ್ಲಿ ಇನ್ನೊಬ್ಬನ ಉಸಿರು ಇದ್ದಾಗ, ಮುಳ್ಳು ನೆಟ್ಟಗೆ ನಿಂತಿತು ಎಂಬುದಕ್ಕೆ ಏನರ್ಥ?

ಇದು ಹೊಸ ಪ್ರಶ್ನೆಯಲ್ಲ. ಇಂಗ್ಲೆಂಡಿನಲ್ಲಿ ಸೇಂಟ್ ಹೆಲೆನ್ಸ್ ಎಂಬಲ್ಲಿನ ತಾಮ್ರ ಕರಗಿಸುವ ಕಾರ್ಖಾನೆಯ ಹೊಗೆಗೆ ಟಿಪ್ಪಿಂಗ್ ಎಂಬ ಜಮೀನುದಾರನ ಎಸ್ಟೇಟಿನ ಮರಗಿಡಗಳು ಒಣಗಿದವು. 1865ರಲ್ಲಿ ಹೌಸ್ ಆಫ್ ಲಾರ್ಡ್ಸ್ ಅವನ ಪರವಾಗಿ ತೀರ್ಪು ಕೊಟ್ಟಿತು. ಆದರೆ ತೀರ್ಪಿನೊಳಗೆ ಒಂದು ಭೇದವನ್ನೂ ಇಟ್ಟಿತು. ಆಸ್ತಿಗೆ ಕಣ್ಣಿಗೆ ಕಾಣುವ ಹಾನಿಯಾಗಿದ್ದರೆ ಅದು ಯಾವ ಜಾಗ ಎಂದು ನೋಡಬೇಕಿಲ್ಲ. ಬರೀ ಮನುಷ್ಯರಿಗೆ ಕಿರಿಕಿರಿಯಾಗಿದ್ದರೆ ಮಾತ್ರ ಸುತ್ತಲಿನ ಪ್ರದೇಶ ಎಂಥದು ಎಂದು ನೋಡಬೇಕು. ಅಂದರೆ ಗಿಡಕ್ಕೆ ಎಲ್ಲ ಕಡೆ ಒಂದೇ ಕಾನೂನು, ಮೂಗಿಗೆ ಬೀದಿಗೊಂದು. 1879ರಲ್ಲಿ ಒಬ್ಬ ವೈದ್ಯನಿಗೂ ಪಕ್ಕದ ಮಿಠಾಯಿ ಮಾಡುವವನಿಗೂ ನಡೆದ ಮೊಕದ್ದಮೆಯಲ್ಲಿ ಇನ್ನೊಂದು ಹೆಜ್ಜೆ ಮುಂದೆ ಹೋದರು. ಲಂಡನ್ನಿನ ಸಿರಿವಂತರ ಬೆಲ್‌ಗ್ರೇವ್ ಸ್ಕ್ವೇರಿನಲ್ಲಿ ಪೀಡೆ ಎನಿಸುವುದು, ಚರ್ಮ ಹದಮಾಡುವವರ ಬರ್ಮಂಡ್ಸಿಯಲ್ಲಿ ಪೀಡೆ ಎನಿಸಲೇಬೇಕೆಂದಿಲ್ಲ ಎಂಬ ಅರ್ಥದ ಮಾತು ಅದರಲ್ಲಿದೆ. ಕಾನೂನು ಕಾಲೇಜುಗಳಲ್ಲಿ ಇದನ್ನು ಈಗಲೂ ಪಾಠ ಮಾಡುತ್ತಾರೆ. ಬರ್ಮಂಡ್ಸಿಯ ಮಕ್ಕಳ ಮೂಗು ಬೇರೆ ಚರ್ಮದ್ದೇ ಎಂದು ಯಾರೂ ಕೇಳಲಿಲ್ಲವೇನೋ.

ನಗಬೇಡಿ, ನಮ್ಮಲ್ಲೂ ಅದು ಹಾಗೇ ಬಂದು ಕೂತಿತ್ತು. 1994ರಲ್ಲಿ ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿ ಹೊರಡಿಸಿದ ವಾಯು ಗುಣಮಟ್ಟದ ಪಟ್ಟಿಯಲ್ಲಿ ಮೂರು ಕಾಲಂಗಳಿದ್ದವು: ಕೈಗಾರಿಕಾ ಪ್ರದೇಶ, ವಸತಿ ಪ್ರದೇಶ, ಸೂಕ್ಷ್ಮ ಪ್ರದೇಶ. ಉಸಿರಿನೊಂದಿಗೆ ಒಳಹೋಗುವ ದೂಳಿಗೆ ವರ್ಷದ ಸರಾಸರಿ ಮಿತಿ ವಸತಿ ಪ್ರದೇಶದಲ್ಲಿ 60, ಕೈಗಾರಿಕಾ ಪ್ರದೇಶದಲ್ಲಿ 120. ಗಂಧಕದ ಡೈಆಕ್ಸೈಡಿಗೆ ವಸತಿಯಲ್ಲಿ 60, ಕೈಗಾರಿಕೆಯಲ್ಲಿ 80, ಸೂಕ್ಷ್ಮ ಪ್ರದೇಶದಲ್ಲಿ 15. ಸೂಕ್ಷ್ಮ ಪ್ರದೇಶವೆಂದರೆ ಗಿರಿಧಾಮ, ಅಭಯಾರಣ್ಯ, ರಾಷ್ಟ್ರೀಯ ಸ್ಮಾರಕ ಇಂಥವು. ಸ್ಮಾರಕದ ಅಮೃತಶಿಲೆಗೆ 15, ಕಾರ್ಖಾನೆ ಪಕ್ಕದ ಚಾಳಿನಲ್ಲಿ ಹುಟ್ಟಿದ ಮಗುವಿಗೆ 80. ಟಿಪ್ಪಿಂಗನ ಮರಗಳ ನ್ಯಾಯ ಇದು. 2009ರ ನವೆಂಬರಿನಲ್ಲಿ ಹೊಸ ಮಾನದಂಡ ಬಂದಾಗ ಕೈಗಾರಿಕೆ, ವಸತಿ, ಗ್ರಾಮೀಣ ಎಲ್ಲವನ್ನೂ ಒಂದೇ ಕಾಲಂಗೆ ಸೇರಿಸಿದರು. ಪತ್ರಿಕೆಗಳಲ್ಲಿ ಅದಕ್ಕೆ ದೊಡ್ಡ ಸ್ಥಾನ ಸಿಕ್ಕಿದ ನೆನಪು ನನಗಿಲ್ಲ. ನನ್ನ ಮಟ್ಟಿಗೆ ನಮ್ಮ ದೇಶದ ಪರಿಸರ ಕಾನೂನಿನಲ್ಲಿ ನಡೆದ ದೊಡ್ಡ ನೈತಿಕ ಘಟನೆಗಳಲ್ಲಿ ಅದೊಂದು. ಎಲ್ಲಿ ವಾಸಿಸಿದರೂ ಮನುಷ್ಯನ ಎದೆ ಒಂದೇ ಎಂದು ಗೆಜೆಟ್ಟು ಒಪ್ಪಿಕೊಂಡ ದಿನ.

ಹಾಗೆಂದು ಆ ಮಿತಿ ಅಪಾಯಕ್ಕೂ ಕ್ಷೇಮಕ್ಕೂ ನಡುವಿನ ಗೆರೆ ಎಂದು ತಿಳಿಯಬಾರದು. ಅತಿಸಣ್ಣ ಕಣ, ಅಂದರೆ ಪಿಎಂ 2.5ಕ್ಕೆ ನಮ್ಮ ವಾರ್ಷಿಕ ಮಿತಿ 40. ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಹೇಳಿದ್ದು 5. ಈ ಎರಡು ಅಂಕಿಗಳ ನಡುವೆ ಇರುವುದು ವಿಜ್ಞಾನದ ಜಗಳವಲ್ಲ. ಎಷ್ಟು ಹಾನಿಯನ್ನು ಸದ್ಯಕ್ಕೆ ತಡೆದುಕೊಳ್ಳೋಣ ಎಂಬ ಒಪ್ಪಂದ. ದಿನದ ಮಿತಿಯನ್ನು ವರ್ಷದ ಶೇ. 98ರಷ್ಟು ಸಮಯ ಪಾಲಿಸಿದರೆ ಸಾಕು, ಉಳಿದ ಶೇ. 2ರಲ್ಲಿ ಮೀರಬಹುದು, ಆದರೆ ಅಳತೆಯ ಎರಡು ದಿನ ಒಟ್ಟೊಟ್ಟಿಗೆ ಮೀರಬಾರದು ಎಂಬ ಷರತ್ತೂ ಅದರಲ್ಲಿದೆ. ಒಪ್ಪಂದ ಎಂದ ಮೇಲೆ ಸಹಿ ಹಾಕಿದವರು ಯಾರು ಎಂದು ಕೇಳಬೇಕಾಗುತ್ತದೆ. ಆ ಸಭೆಯ ಹೆಂಗಸು ಕೇಳಿದ್ದೂ ಅದನ್ನೇ.

ಇನ್ನು ಎದುರು ಪಕ್ಷ. ಅದರ ವಕೀಲರು ನಮ್ಮ ಬಿಲ್ಡಿಂಗಿನಲ್ಲೇ ಇದ್ದಾರೆ. ಕೆಳಗಿನ ಮಹಡಿಯ ಹಿರಿಯರು, ಕಾರ್ಕಳದ ಕಡೆಯವರು. ಸಂಬಂಧವೇನೂ ಇಲ್ಲದಿದ್ದರೂ ನಾನು ಮಾವ ಎಂದೇ ಕರೆಯುವುದು. ಹದಿನಾಲ್ಕನೇ ವಯಸ್ಸಿಗೆ ಮುಂಬಯಿಗೆ ಬಂದು, ಹಗಲು ಚೆಂಬೂರಿನ ಒಂದು ಕಾರ್ಖಾನೆಯ ಕ್ಯಾಂಟೀನಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ರಾತ್ರಿಶಾಲೆಯಲ್ಲಿ ಎಸ್ಸೆಸ್ಸಿ ಮುಗಿಸಿ, ಆಮೇಲೆ ಅದೇ ಕ್ಯಾಂಟೀನಿನ ಕಂಟ್ರ್ಯಾಕ್ಟು ಹಿಡಿದವರು. “ನೀನು ಗಾಳಿಯ ಲೆಕ್ಕ ಹಾಕ್ತಿ ಮಾರಾಯ. ಆ ಹೊಗೆ ಇಲ್ಲದಿದ್ರೆ ನಾನು ಊರಲ್ಲಿ ಗದ್ದೆಯ ಹುಣಿಯ ಮೇಲೇ ಕೂತಿರ್ತಿದ್ದೆ. ನನ್ನ ಇಬ್ಬರು ತಂಗಿಯರ ಮದುವೆ ಮಾಡಿದ್ದು ಆ ಹೊಗೆಯೇ. ಕೆಮ್ಮು ಉಂಟು, ಇಲ್ಲ ಅಂತ ಹೇಳುದಿಲ್ಲ. ಊರಲ್ಲಿದ್ದಿದ್ರೆ ಕೆಮ್ಮದೆಯೇ ಬೇಗ ಹೋಗ್ತಿದ್ದೆ.”

ಈ ಮಾತನ್ನು ತಳ್ಳಿಹಾಕುವವರಿಗೆ ಬಡತನ ಗೊತ್ತಿಲ್ಲ. ಬಡತನವೂ ಆಯಸ್ಸನ್ನು ತಿನ್ನುತ್ತದೆ, ಅದಕ್ಕೆ ಮೈಕ್ರೋಗ್ರಾಂ ಲೆಕ್ಕ ಇಲ್ಲ ಅಷ್ಟೆ. ಇನ್ನೂ ಒಂದು ಮಾತಿದೆ. ನನ್ನ ಅಜ್ಜಿ ಜೀವಮಾನವಿಡೀ ಮಡಲು, ಕೊತ್ತಳಿಗೆ ಉರಿಸಿ, ಊದುಗೊಳವೆಯಲ್ಲಿ ಊದಿ ಊದಿ ಅನ್ನ ಬೇಯಿಸಿದವರು. ಮಳೆಗಾಲದಲ್ಲಿ ಒದ್ದೆ ಸೌದೆಯ ಹೊಗೆ ಅಡುಗೆಮನೆಯ ಮಾಡಿನಿಂದ ಹೊರಗೆ ಹೋಗಲು ಮನಸ್ಸಿಲ್ಲದಂತೆ ನಿಂತಿರುತ್ತಿತ್ತು. ಯಾವ ಕಾರ್ಖಾನೆಯೂ ಇಲ್ಲದ ಊರಿನಲ್ಲಿ ಅವರ ಎದೆಗೆ ಹೋದ ಹೊಗೆ ಚೆಂಬೂರಿನ ರಸ್ತೆಯಲ್ಲಿ ನಿಂತವರಿಗೆ ಸಿಕ್ಕದ್ದಕ್ಕಿಂತ ಕಡಿಮೆಯೇನಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಆ ಹೊಗೆಯಿಂದ ಅಮ್ಮನನ್ನು ಬಿಡಿಸಿದ್ದು ಗ್ಯಾಸ್ ಸಿಲಿಂಡರು. ಸಿಲಿಂಡರಿನೊಳಗಿನ ಗ್ಯಾಸು ಬರುವುದು ಮಾಹುಲಿನಲ್ಲಿರುವಂಥ ರಿಫೈನರಿಗಳಿಂದ. ಲಕ್ಷಾಂತರ ಅಡುಗೆಮನೆಗಳ ಹೊಗೆಯನ್ನು ತೆಗೆದು ಒಂದೆರಡು ಊರುಗಳ ಆಕಾಶಕ್ಕೆ ಸಾಗಿಸಿದ್ದೇವೆ ಎಂದರೂ ತಪ್ಪಿಲ್ಲ. ಒಟ್ಟು ಲೆಕ್ಕದಲ್ಲಿ ಇದು ದೊಡ್ಡ ಲಾಭ. ಒಟ್ಟು ಲೆಕ್ಕ ಮಾತ್ರ ನೋಡುವವರಿಗೆ ಇಲ್ಲಿಗೆ ವಾದ ಮುಗಿಯಿತು.

ನನಗೆ ಮುಗಿಯುವುದಿಲ್ಲ. ಮಾವನ ವಿಷಯದಲ್ಲಿ ಕೂಳೂ ಕೆಮ್ಮೂ ಒಂದೇ ದೇಹಕ್ಕೆ ಬಂದವು. ಅವರು ಅದನ್ನು ತೂಗಿ ನೋಡಿ ಒಪ್ಪಿಕೊಂಡರು. ಹದಿನಾಲ್ಕರ ಹುಡುಗನ ಒಪ್ಪಿಗೆಗೆ ಎಷ್ಟು ಬೆಲೆ ಎಂಬುದು ಬೇರೆ ಮಾತು. ಕಡೆಗೆ ಅವರು ಮುಖ ತಿರುಗಿಸಿ ಊರಿಗೆ ಹೋಗಬಹುದಿತ್ತು. ಮಾಹುಲಿನ ಕಥೆ ಹಾಗಲ್ಲ.

ಮಾಹುಲ್ ಮುಂಬಯಿಯ ಪೂರ್ವ ಅಂಚಿನಲ್ಲಿ ಕೊಲ್ಲಿಗೆ ತಾಗಿದ ಹಳೆಯ ಕೋಳಿ ಮೀನುಗಾರರ ಹಳ್ಳಿ. 1950ರ ದಶಕದ ಮಧ್ಯದಲ್ಲಿ ಅದರ ಪಕ್ಕಕ್ಕೆ ಎರಡು ರಿಫೈನರಿಗಳು ಬಂದವು, ಮುಂದೆ ಟ್ರಾಂಬೆಯ ರಸಗೊಬ್ಬರ ಕಾರ್ಖಾನೆ, ವಿದ್ಯುತ್ ಸ್ಥಾವರ, ರಾಸಾಯನಿಕ ತುಂಬಿದ ಟ್ಯಾಂಕುಗಳು. ಅಲ್ಲಿಯೇ ಪುನರ್ವಸತಿಗೆಂದು ಸಾಲು ಸಾಲು ಕಟ್ಟಡಗಳನ್ನು ಎಬ್ಬಿಸಿದರು, 17 ಸಾವಿರಕ್ಕೂ ಹೆಚ್ಚು ಖೋಲಿಗಳು. ಮುಂಬಯಿಗೆ ನೀರು ತರುವ ತಾನ್ಸಾ ಕೊಳವೆಯ ಎರಡೂ ಬದಿಯ ಜೋಪಡಿಗಳನ್ನು ಸುರಕ್ಷತೆಯ ಕಾರಣಕ್ಕೆ ತೆರವು ಮಾಡಬೇಕೆಂದು ಹೈಕೋರ್ಟು ಹೇಳಿದಾಗ, ಅಲ್ಲಿಂದ ಎಬ್ಬಿಸಿದ ಕುಟುಂಬಗಳನ್ನು ಈ ಕಟ್ಟಡಗಳಿಗೆ ಸಾಗಿಸಿದರು. ಇಲ್ಲಿ ಗಮನಿಸಬೇಕಾದ್ದು ತಾರೀಕುಗಳು. ಕೆಇಎಂ ಆಸ್ಪತ್ರೆಯ ತಂಡ 2013ರಲ್ಲಿ ಮಾಹುಲ್–ಆಂಬಾಪಾಡಾದಲ್ಲಿ ಸಮೀಕ್ಷೆ ಮಾಡಿತ್ತು, ಶೇ. 67ರಷ್ಟು ಜನ ತಿಂಗಳಿಗೆ ಮೂರಕ್ಕಿಂತ ಹೆಚ್ಚು ಸಲ ಉಸಿರು ಕಟ್ಟುತ್ತದೆ ಎಂದಿದ್ದರು. 2015ರ ಡಿಸೆಂಬರಿನಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿ ಅಲ್ಲಿನ ಗಾಳಿಯಿಂದ ನಿವಾಸಿಗಳ ಆರೋಗ್ಯಕ್ಕೆ ಅಪಾಯವಿದೆ ಎಂದು ತನ್ನ ಆದೇಶದಲ್ಲೇ ಬರೆಯಿತು. ಕೊಳವೆ ಬದಿಯ ದೊಡ್ಡ ತೆರವು ನಡೆದದ್ದು 2017ರಲ್ಲಿ. ಅಂದರೆ ಕಾಗದದ ಮೇಲೆ ಅಪಾಯ ಎಂದು ಬರೆದಿಟ್ಟ ಜಾಗಕ್ಕೆ ಜನರನ್ನು ಹೊಸದಾಗಿ ಕರೆತಂದರು. ಜನರ ಬಳಿಗೆ ಹೊಗೆ ಬಂದ ಊರುಗಳು ಎಷ್ಟೋ ಇವೆ. ಇದು ಹೊಗೆಯ ಬಳಿಗೆ ಜನರನ್ನೇ ಒಯ್ದ ಉದಾಹರಣೆ.

ಬಂದವರಿಗೆ ಅಲ್ಲಿ ಕೆಲಸವೂ ಇರಲಿಲ್ಲ. ಮನೆಗೆಲಸ, ಗಾಡಿ ವ್ಯಾಪಾರ, ಮಕ್ಕಳ ಶಾಲೆ ಎಲ್ಲ ಹಳೆಯ ಜಾಗದ ಸುತ್ತ. ಮಾವನಿಗೆ ಸಿಕ್ಕ ಕೂಳು ಇವರಿಗಿಲ್ಲ, ಕೆಮ್ಮು ಮಾತ್ರ ಪಾಲಿಗೆ ಬಂತು. 2018ರ ಆಗಸ್ಟಿನಲ್ಲಿ ಪಕ್ಕದ ರಿಫೈನರಿಯಲ್ಲಿ ಸ್ಫೋಟವಾಗಿ ನಲವತ್ತಕ್ಕೂ ಹೆಚ್ಚು ಜನ ಗಾಯಗೊಂಡ ಮೇಲೆ, ಆ ಅಕ್ಟೋಬರಿನಿಂದ ಅವರು ವಿದ್ಯಾವಿಹಾರದ ಕೊಳವೆ ಪಕ್ಕದ ಫುಟ್‌ಪಾತಿಗೆ ಮರಳಿ ಬಂದು ತಿಂಗಳುಗಟ್ಟಲೆ ಧರಣಿ ಕೂತರು. ಸರಕಾರ ಕೊಟ್ಟ ಪಕ್ಕಾ ಮನೆ ಬಿಟ್ಟು ಫುಟ್‌ಪಾತಿಗೆ. 2019ರಲ್ಲಿ ಬಾಂಬೆ ಹೈಕೋರ್ಟು ಬಲವಂತವಾಗಿ ಯಾರನ್ನೂ ಮಾಹುಲಿಗೆ ಕಳಿಸಕೂಡದು, ಬೇರೆ ಮನೆ ಕೊಡುವವರೆಗೆ ತಿಂಗಳಿಗೆ 15 ಸಾವಿರ ರೂಪಾಯಿ ಬಾಡಿಗೆ ಕೊಡಬೇಕು ಎಂದು ಹೇಳಿತು.

ಮಾಹುಲಿನ ಗಾಳಿಯಲ್ಲಿ ಮುಖ್ಯವಾಗಿ ದೂರಿದ್ದು ಟ್ಯಾಂಕುಗಳಿಂದ, ತುಂಬಿಸುವ ಇಳಿಸುವ ಕಡೆಗಳಿಂದ ಹೊರಬರುವ ಆವಿಗಳ ಬಗ್ಗೆ. ನಮ್ಮ ರಾಷ್ಟ್ರೀಯ ಮಾನದಂಡದಲ್ಲಿ ಇರುವುದು ಹನ್ನೆರಡು ವಸ್ತುಗಳು. ಬೆಂಜೀನ್ ಇದೆ, ಟಾಲ್ವೀನ್ ಇಲ್ಲ, ಜೈಲೀನ್ ಇಲ್ಲ. ಮಿತಿಯೇ ಇಲ್ಲದ್ದನ್ನು ಯಾರೂ ಮೀರುವ ಹಾಗಿಲ್ಲ. ಆದ್ದರಿಂದ ಮೂಗು ತಲೆ ತಿರುಗುತ್ತಿದೆ ಎಂದರೂ ಕಾಗದ ಎಲ್ಲ ಸರಿಯಾಗಿದೆ ಎನ್ನಬಹುದು.

ಈಗ ತಕ್ಕಡಿಯ ಇನ್ನೊಂದು ಕಡೆ. 2009ರಲ್ಲಿ ಕೇಂದ್ರ ಮಂಡಳಿ ದೇಶದ 88 ಕೈಗಾರಿಕಾ ಪ್ರದೇಶಗಳಿಗೆ ಮಾಲಿನ್ಯದ ಅಂಕ ಕೊಟ್ಟಿತು. 70 ದಾಟಿದ 43 ಕಡೆ ಹೊಸ ಪರಿಸರ ಅನುಮತಿಯನ್ನು 2010ರ ಜನವರಿಯಲ್ಲಿ ತಡೆಹಿಡಿದರು. ಕರ್ನಾಟಕದಿಂದ ಆ ಪಟ್ಟಿಯಲ್ಲಿದ್ದದ್ದು ಮಂಗಳೂರು ಮತ್ತು ಭದ್ರಾವತಿ. (ಚೆಂಬೂರಿನ ಅಂಕ 69.19. ಪರೀಕ್ಷೆಯಲ್ಲಿ ಒಂದು ಮಾರ್ಕಿಗೆ ಫೇಲಾದವರನ್ನು ಕಂಡಿದ್ದೇವೆ, ಇದು ಒಂದು ಮಾರ್ಕಿಗೆ ಪಾರಾದದ್ದು.) ಭದ್ರಾವತಿಯಲ್ಲಿ ಮುಂದೆ ಏನಾಯಿತು ಎಂಬುದು ಇದನ್ನು ಓದುತ್ತಿರುವ ಕೆಲವರ ಮನೆಯ ಕಥೆಯೇ ಆಗಿರಬಹುದು. ಕಾಗದದ ಕಾರ್ಖಾನೆ ನಿಂತುಹೋಯಿತು. ವಿಶ್ವೇಶ್ವರಯ್ಯನವರ ಕಾಲದ ಕಬ್ಬಿಣದ ಕಾರ್ಖಾನೆ ಕ್ಷೀಣಿಸುತ್ತಾ ಬಂದು, 2023ರ ಆರಂಭದಲ್ಲಿ ಅದನ್ನು ಮುಚ್ಚುವ ಮಾತು ಹೊರಬಿದ್ದಾಗ ಕಾರ್ಮಿಕರು ಗೇಟಿನ ಮುಂದೆ ಧರಣಿ ಕೂತರು. ನಮ್ಮ ಪುಣೆ ಆಫೀಸಿನಲ್ಲಿ ಭದ್ರಾವತಿಯ ಹುಡುಗನೊಬ್ಬನಿದ್ದಾನೆ. ಚಿಕ್ಕಂದಿನಲ್ಲಿ ಊರಿಗೆ ಬರುವ ನೆಂಟರು ಬಸ್ಸಿನಲ್ಲೇ ಮೂಗು ಮುಚ್ಚಿಕೊಳ್ಳುತ್ತಿದ್ದರಂತೆ, ಇವರಿಗೆ ವಾಸನೆಯೇ ಗೊತ್ತಾಗುತ್ತಿರಲಿಲ್ಲ. “ಈಗ ಊರಿಗೆ ಹೋದ್ರೆ ಗಾಳಿ ಚೆನ್ನಾಗಿದೆ ಸರ್. ಉಸಿರಾಡೋಕೆ ನಮ್ಮ ಬ್ಯಾಚಿನವರು ಯಾರೂ ಅಲ್ಲಿಲ್ಲ ಅಷ್ಟೆ.”

ಮಾಹುಲಿನವರು ಧರಣಿ ಕೂತದ್ದು ಹೊಗೆಯಿಂದ ಬಿಡುಗಡೆ ಬೇಕೆಂದು. ಭದ್ರಾವತಿಯವರು ಕೂತದ್ದು ಕುಲುಮೆ ಆರಬಾರದೆಂದು. ಇಬ್ಬರಲ್ಲಿ ಒಬ್ಬರು ಅವಿವೇಕಿಗಳು ಎಂದು ನನಗನ್ನಿಸುವುದಿಲ್ಲ. ಎರಡು ಕಡೆಯೂ ಇರುವ ದೂರು ಒಂದೇ: ನಮ್ಮ ಬದುಕಿನ ತೂಕ ಹಾಕಿದವರು ನಾವಲ್ಲ. ತೆರೆಯುವಾಗಲೂ ಕೇಳಲಿಲ್ಲ, ಮುಚ್ಚುವಾಗಲೂ ಕೇಳಲಿಲ್ಲ. ದಿಲ್ಲಿಯಲ್ಲಿ 1996ರಲ್ಲಿ ಸುಪ್ರೀಂ ಕೋರ್ಟಿನ ಆದೇಶದಂತೆ 168 ಕಾರ್ಖಾನೆಗಳು ನಗರದೊಳಗೆ ಕೆಲಸ ನಿಲ್ಲಿಸಬೇಕಾಗಿ ಬಂದಾಗ, ಶುದ್ಧ ಗಾಳಿಯ ಬೆಲೆಯನ್ನು ಕೆಲಸ ಕಳೆದುಕೊಂಡವರು ತೆತ್ತರು. ಗಾಳಿಯನ್ನು ಉಳಿದವರೂ ಹಂಚಿಕೊಂಡರು.

ಇಲ್ಲಿಗೆ ಬಂದಾಗ ನಮ್ಮ ಕಸುಬಿನವರು ಹೇಳುವ ಮಾತೊಂದಿದೆ: ನಮ್ಮ ಕಾರ್ಖಾನೆಯಿಂದ ಸೇರುವುದು ಅರ್ಧ ಮೈಕ್ರೋಗ್ರಾಂ, ಅದರಿಂದ ಯಾರಿಗೂ ಏನೂ ಆಗುವುದಿಲ್ಲ. ಒಂದೊಂದನ್ನೇ ನೋಡಿದರೆ ನಿಜ. ಡೆರೆಕ್ ಪಾರ್ಫಿಟ್ ಎಂಬ ಇಂಗ್ಲಿಷ್ ತತ್ತ್ವಜ್ಞಾನಿ 1984ರ ತನ್ನ ಪುಸ್ತಕದಲ್ಲಿ ಇದಕ್ಕೆ ಹೊಂದುವ ಕಲ್ಪನೆಯೊಂದನ್ನು ಕೊಟ್ಟಿದ್ದಾನೆ. ಸಾವಿರ ಮಂದಿ ಚಿತ್ರಹಿಂಸೆ ಕೊಡುವವರು, ಸಾವಿರ ಮಂದಿ ಅನುಭವಿಸುವವರು. ಪ್ರತಿಯೊಬ್ಬನೂ ಒಂದು ಗುಂಡಿ ಒತ್ತಿದರೆ ಎಲ್ಲ ಸಾವಿರ ಜನರ ನೋವೂ, ಯಾರಿಗೂ ಗೊತ್ತಾಗದಷ್ಟು, ಒಂದು ಎಳೆ ಏರುತ್ತದೆ. ಎಲ್ಲರೂ ಒತ್ತಿದ ಮೇಲೆ ನೋವು ತಡೆಯಲಾಗದಷ್ಟಾಗುತ್ತದೆ. ನಾನು ಒತ್ತಿದ್ದರಿಂದ ಯಾರಿಗೂ ಏನೂ ಆಗಲಿಲ್ಲ ಎಂದು ಪ್ರತಿಯೊಬ್ಬನೂ ಪ್ರಾಮಾಣಿಕವಾಗಿ ಹೇಳಬಹುದು. ನಗಣ್ಯ ಎಂಬ ಶಬ್ದದ ತರ್ಕ ಇದೇ. ಒಬ್ಬೊಬ್ಬರ ಪಾಲೂ ಗಣನೆಗೆ ಬಾರದ್ದು, ಮೊತ್ತ ಮಾತ್ರ ಆಸ್ಪತ್ರೆಯಲ್ಲಿ. ಪ್ರಶ್ನೆಯನ್ನು ನನ್ನ ಚಿಮಣಿ ಎಷ್ಟು ಬಿಡುತ್ತದೆ ಎಂದಲ್ಲ, ನಾವೆಲ್ಲ ಸೇರಿ ಏನು ಮಾಡುತ್ತಿದ್ದೇವೆ ಎಂದು ಕೇಳಬೇಕು ಎಂಬ ಪಾರ್ಫಿಟ್‌ನ ಮಾತು ನನಗೆ ಒಪ್ಪಿಗೆ.

ಹಾಗೆ ಕೇಳಿ ಕಾನೂನು ಮಾಡಿದವರೂ ಇದ್ದಾರೆ. ಅಮೆರಿಕ 1977ರಲ್ಲಿ ತನ್ನ ವಾಯು ಕಾನೂನಿಗೆ ತಿದ್ದುಪಡಿ ತಂದು, ಗಾಳಿ ಚೆನ್ನಾಗಿರುವ ಕಡೆ ಮಿತಿಯವರೆಗೆ ತುಂಬಲು ಬಿಡಲಿಲ್ಲ; ಇದ್ದದ್ದಕ್ಕಿಂತ ಇಷ್ಟೇ ಹೆಚ್ಚಾಗಬಹುದು ಎಂದು ಚಿಕ್ಕ ಪಾಲೊಂದನ್ನು ಗೊತ್ತುಮಾಡಿತು. ಮಿತಿ ಮೀರಿದ ಕಡೆ ಹೊಸದಾಗಿ ಬರುವ ದೊಡ್ಡ ಕಾರ್ಖಾನೆ ತಾನು ಬಿಡುವುದಕ್ಕಿಂತ ಹೆಚ್ಚನ್ನು ಬೇರೆಲ್ಲಿಂದಲಾದರೂ ಕಡಿಮೆ ಮಾಡಿಸಿ ತೋರಿಸಬೇಕು ಎಂದಿತು. ನಮ್ಮಲ್ಲಿ ಚಿಮಣಿಯಿಂದ ಹೊರಡುವ ಹೊಗೆ ಎಷ್ಟು ದಟ್ಟ ಎಂಬುದಕ್ಕೆ ನಿಯಮವಿದೆ, ಒಂದು ಊರಿನಲ್ಲಿ ಒಟ್ಟು ಎಷ್ಟು ಹೊಗೆ ಎಂಬುದಕ್ಕೆ ಸಾಮಾನ್ಯವಾಗಿ ಇಲ್ಲ. ಸೂರತ್ತಿನಲ್ಲಿ ಮಾತ್ರ 2019ರಿಂದ ಸುಮಾರು ಮುನ್ನೂರು ಕಾರ್ಖಾನೆಗಳ ಒಟ್ಟು ದೂಳಿಗೆ ಮಿತಿ ಹಾಕಿ, ಅದರೊಳಗೆ ಪರವಾನಗಿಗಳನ್ನು ಕೊಂಡು ಮಾರಲು ಬಿಟ್ಟರು. ಅಧ್ಯಯನ ಮಾಡಿದ ಅರ್ಥಶಾಸ್ತ್ರಜ್ಞರು ದೂಳು ಶೇ. 20ರಿಂದ 30ರಷ್ಟು ಇಳಿಯಿತು ಎಂದು ಬರೆದಿದ್ದಾರೆ. ಸೂರತ್ತಿನ ಬಟ್ಟೆ ಉದ್ಯಮ ಅದರಿಂದ ಮುಳುಗಲಿಲ್ಲ. ಗಾಳಿಯನ್ನು ಮಾರುವುದೇ ಎಂದು ನನ್ನ ಕೆಲವು ಗೆಳೆಯರಿಗೆ ಕಸಿವಿಸಿ, ನನಗಿಲ್ಲ. ಪುಕ್ಕಟೆಯಾಗಿ ಹಂಚುವುದಕ್ಕಿಂತ ಮೇಲು.

ಆದರೆ ದೇಶದ ದಾರಿ ಇತ್ತೀಚೆಗೆ ಬೇರೆ ಕಡೆ ತಿರುಗಿದೆ. ಕಲ್ಲಿದ್ದಲು ವಿದ್ಯುತ್ ಸ್ಥಾವರಗಳು ಗಂಧಕವನ್ನು ಹಿಡಿದಿಡುವ ಯಂತ್ರ ಹಾಕಬೇಕಾಗುವಂಥ ಮಿತಿಯನ್ನು 2015ರಲ್ಲಿ ತಂದು, ಗಡುವನ್ನು ಮತ್ತೆ ಮತ್ತೆ ಮುಂದೂಡಿ, 2025ರ ಜುಲೈನಲ್ಲಿ ಬಹುಪಾಲು ಸ್ಥಾವರಗಳಿಗೆ ಅದರಿಂದ ವಿನಾಯಿತಿ ಕೊಟ್ಟರು. ದಿಲ್ಲಿ ಸುತ್ತ ಮತ್ತು ಹತ್ತು ಲಕ್ಷಕ್ಕಿಂತ ಹೆಚ್ಚು ಜನರ ನಗರಗಳಿಂದ 10 ಕಿಲೋಮೀಟರಿನೊಳಗೆ ಇರುವವಕ್ಕೆ ಕಡ್ಡಾಯ. ಆಗಲೇ ಗಾಳಿ ಕೆಟ್ಟಿರುವ ಕಡೆ ಒಂದೊಂದನ್ನೂ ನೋಡಿ ತೀರ್ಮಾನ. ದೂರದ ಊರುಗಳಲ್ಲಿ ಬೇಡ, ಚಿಮಣಿ ಎತ್ತರ ಸರಿಯಿದ್ದರೆ ಸಾಕು. ವಾದವನ್ನು ಹಗುರಾಗಿ ತೆಗೆದುಕೊಳ್ಳಬಾರದು: ಯಂತ್ರಕ್ಕೆ ಅಪಾರ ಖರ್ಚು, ಅದನ್ನು ನಡೆಸಲು ಮತ್ತಷ್ಟು ಕಲ್ಲಿದ್ದಲು, ವಿದ್ಯುತ್ ದರ ಏರಿಕೆ, ದೇಶದ ಹೆಚ್ಚಿನ ಕಡೆ ಗಂಧಕದ ಡೈಆಕ್ಸೈಡ್ ಮಿತಿಯೊಳಗೇ ಇದೆ. ಮಿತಿಯೊಳಗಿದೆ, ಆದ್ದರಿಂದ ಜಾಗವಿದೆ. ಅದೇ ಹೆಡ್‌ರೂಮ್. ಆ ಅನಿಲ ಗಾಳಿಯಲ್ಲಿ ನೂರಾರು ಕಿಲೋಮೀಟರ್ ಹೋಗುತ್ತಾ ಸಣ್ಣ ಕಣಗಳಾಗಿ ಬದಲಾಗಿ ಬೇರೊಂದು ಊರಿನ ಪಿಎಂ 2.5 ಲೆಕ್ಕದಲ್ಲಿ ಸೇರುತ್ತದೆ ಎಂಬುದು ನಮ್ಮ ಕಸುಬಿನ ಎಲ್ಲರಿಗೂ ಗೊತ್ತಿದೆ. 2009ರಲ್ಲಿ ಅಳಿಸಿದ ಕಾಲಂಗಳು ಇನ್ನೊಂದು ಹೆಸರಿನಲ್ಲಿ ಮರಳಿ ಬಂದಿವೆ ಎಂದೇ ನಾನು ಓದುತ್ತೇನೆ. ಬೆಲ್‌ಗ್ರೇವ್ ಸ್ಕ್ವೇರಿಗೆ ಒಂದು, ಬರ್ಮಂಡ್ಸಿಗೆ ಇನ್ನೊಂದು.

ನಮ್ಮ ಚೆಂಬೂರಿನಲ್ಲಿ ಈಗ ಗೋಪುರದಂಥ ಕಟ್ಟಡಗಳು ಏಳುತ್ತಿವೆ. ನಲವತ್ತನೇ ಮಹಡಿಯ ಬಾಲ್ಕನಿಯಿಂದ ಕೊಲ್ಲಿ ಕಾಣುತ್ತದೆ, ರಿಫೈನರಿಯ ದೀಪಗಳೂ ಕಾಣುತ್ತವೆ. ಕೊಂಡವರ ವಾಟ್ಸಾಪ್ ಗುಂಪಿನಲ್ಲಿ, ನಾನೂ ಒಬ್ಬ ಸದಸ್ಯ, ವಾಸನೆ ಬಂದ ರಾತ್ರಿಯೆಲ್ಲ ಒಂದೇ ಮಾತು: ಇದನ್ನು ಇಲ್ಲಿಂದ ಎತ್ತಿಸಬೇಕು. ನೀವು ಗೊತ್ತಿದ್ದೇ ಬಂದವರಲ್ಲವೇ ಎಂದು ಬಾಯಿ ಮುಚ್ಚಿಸುವಂತಿಲ್ಲ. 1879ರ ಆ ಮಿಠಾಯಿಯವನೂ ವೈದ್ಯ ಆಮೇಲೆ ಬಂದವನು ಎಂದೇ ವಾದಿಸಿ ಸೋತ. ಆದರೆ ಎತ್ತಿ ಎಲ್ಲಿಗೆ? ಮುಂಬಯಿಯ ಎರಡೂ ರಿಫೈನರಿಗಳ ಒಡೆಯರು ಪಾಲುದಾರರಾಗಿರುವ ದೊಡ್ಡ ಯೋಜನೆಯೊಂದು ರತ್ನಾಗಿರಿ ಜಿಲ್ಲೆಗೆ ಬರಬೇಕಿತ್ತು, ವರ್ಷಕ್ಕೆ 6 ಕೋಟಿ ಟನ್ ಸಾಮರ್ಥ್ಯದ್ದು. ನಾಣಾರಿನವರು ವಿರೋಧಿಸಿ 2019ರಲ್ಲಿ ಅದು ಅಲ್ಲಿಂದ ಹೋಯಿತು. ಆಮೇಲೆ ಬಾರ್ಸು ಎಂದರು. 2023ರ ಏಪ್ರಿಲಿನಲ್ಲಿ ಮಣ್ಣು ಪರೀಕ್ಷೆಗೆ ಬಂದ ಗಾಡಿಗಳಿಗೆ ಅಡ್ಡವಾಗಿ ಅಲ್ಲಿನ ಹೆಂಗಸರು ರಸ್ತೆಯಲ್ಲಿ ಮಲಗಿದರು. ಮಾವಿನ ಹೂವು, ಗೇರು, ಮೀನು ಎಂದು ಅವರು ಹೇಳಿದ್ದನ್ನು ನಮ್ಮ ಗುಂಪಿನಲ್ಲಿ ಕೆಲವರು ಪ್ರಗತಿಗೆ ಅಡ್ಡಿ ಎಂದರು. ಇದೇ ಜನ, ಇದೇ ಗುಂಪು, ವಾಸನೆ ಬಾರದ ರಾತ್ರಿ. ಕೊಂಕಣದ ಗಾಳಿಯ ಅಳತೆ ತೆಗೆದರೆ ಬೇಕಾದಷ್ಟು ಖಾಲಿ ಜಾಗ ಸಿಗುತ್ತದೆ ಎಂಬುದರಲ್ಲಿ ನನಗೆ ಸಂಶಯವಿಲ್ಲ.

ಮಾವನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು, “ಹಾಗಾದ್ರೆ ಎಣ್ಣೆ ಎಲ್ಲಿ ಕಾಸುದು ಮಾರಾಯ?” ನ್ಯಾಯವಾದ ಪ್ರಶ್ನೆ. ನನ್ನ ಉತ್ತರ ಅವರಿಗೆ ಪೂರ್ತಿ ರುಚಿಸಲಿಲ್ಲ: ಇದ್ದಲ್ಲೇ ಕಾಸಲಿ, ಆವಿ ಹೊರಗೆ ಹೋಗದಂತೆ ಟ್ಯಾಂಕುಗಳನ್ನು ಮುಚ್ಚಲಿ, ತುಂಬಿಸುವಾಗ ಏಳುವ ಆವಿಯನ್ನು ಹಿಡಿದು ವಾಪಸು ಕಳಿಸಲಿ, ಮಾಹುಲಿನಲ್ಲಿ ಉಳಿಯಲಾಗದವರಿಗೆ ಬೇರೆ ಕಡೆ ಮನೆ ಕೊಡಲಿ, ಖರ್ಚನ್ನು ಪೆಟ್ರೋಲು ಹಾಕಿಸುವ ನಮ್ಮ ಮೇಲೆ ಹಾಕಲಿ. ಬಾಡಿಗೆಯ ಬಗ್ಗೆ ಕೋರ್ಟು ಒಂದು ಅಂಕಿ ಹೇಳಿತು, ಚಿಮಣಿ ಎಷ್ಟೆತ್ತರ ಇರಬೇಕೆಂದು ಸರಕಾರ ಹೇಳುತ್ತದೆ. ಆವಿಯನ್ನು ಪೂರ್ತಿ ಹಿಡಿದರೆ ಒಂದು ಲೀಟರಿಗೆ ಎಷ್ಟು ಪೈಸೆ ಹೆಚ್ಚಾದೀತು ಎಂಬ ಲೆಕ್ಕ ಮಾಡಲು ನಮ್ಮ ಆಫೀಸಿಗೆ ಒಂದು ವಾರ ಸಾಕು. ಹನ್ನೊಂದು ವರ್ಷದಲ್ಲಿ ಅದನ್ನು ಮಾಡಿಕೊಡಿ ಎಂದು ಯಾರೂ ಕೇಳಿಲ್ಲ.